ಆರ್ ಭಾಷೆಯಲ್ಲಿ ಲೇಬಲ್ ಬರೆಯಲು, ನಕಲಿಸಲು ಯಾವ ದಾರಿ ಒಳ್ಳೆಯದು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ದರಗಳನ್ನು ಒಂದು ಕೋಷ್ಟಕದಲ್ಲಿ ತುಂಬಿಟ್ಟಿದ್ದೀರಿ ಎಂದುಕೊಳ್ಳಿ. ಕಾಲಂಗಳ ಹೆಸರುಗಳು ಚಿಕ್ಕವು: ದರ1, ದರ2, ದರ್ಜೆ, ವಿಸ್ತೀರ್ಣ. ಆರು ತಿಂಗಳ ನಂತರ ಕಡತ ತೆರೆದಾಗ ದರ1 ಎಂದರೆ ಕನಿಷ್ಠ ದರವೋ ಸರಾಸರಿ ದರವೋ, ಅದು ಕ್ವಿಂಟಲ್ಲಿಗೋ ಕಿಲೋಗೋ ಎಂಬುದು ಬರಿಯ ಸಂಖ್ಯೆ ನೋಡಿ ತಿಳಿಯುವುದಿಲ್ಲ. ಅದನ್ನು ಎಲ್ಲಾದರೂ ಬರೆದಿಡಲೇಬೇಕು. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಮಾಹಿತಿಯನ್ನು ವೇರಿಯೇಬಲ್‌ಗೇ ಅಂಟಿಸಿಡಬಹುದು. ಹಾಗೆ ಅಂಟಿಕೊಂಡು ಬರುವುದೇ ಆಟ್ರಿಬ್ಯೂಟ್. ಕಾಲಂ ಏನೆಂದು ವಿವರಿಸುವ ಆಟ್ರಿಬ್ಯೂಟೇ ಲೇಬಲ್. ಅಡಿಕೆ ಮೂಟೆಗೆ ಕಟ್ಟಿದ ಚೀಟಿಯ ಹಾಗೆ ಅದು: ಒಳಗಿನ ಮಾಲು ಬೇರೆ, ಯಾರದ್ದು, ಯಾವ ದರ್ಜೆ ಎಂದು ಹೇಳುವ ಚೀಟಿ ಬೇರೆ, ಆದರೆ ಎರಡೂ ಒಟ್ಟಿಗೇ ಸಾಗಬೇಕು.

ಆರ್ ಈ ಚೀಟಿಯನ್ನು ಕೆಲವು ಕೆಲಸಗಳಲ್ಲಿ ಸದ್ದಿಲ್ಲದೆ ಕಿತ್ತುಹಾಕುತ್ತದೆ. ಇನ್ನು ಕೆಲವು ಕೆಲಸಗಳಲ್ಲಿ ಮಾಲು ಬದಲಾದ ಮೇಲೂ ಹಳೆಯ ಚೀಟಿಯನ್ನೇ ಉಳಿಸಿಬಿಡುತ್ತದೆ. ನನ್ನ ಪ್ರಕಾರ ಎರಡನೆಯದೇ ದೊಡ್ಡ ಅಪಾಯ. ಲೇಬಲ್ ಬಿದ್ದುಹೋದ ಕಾಲಂ ಕಂಡರೆ ಯಾರಾದರೂ ಇದೇನೆಂದು ಕೇಳುತ್ತಾರೆ. ತಪ್ಪು ಲೇಬಲ್ ಹೊತ್ತ ಕಾಲಂ ಕಂಡರೆ ಯಾರೂ ಕೇಳುವುದಿಲ್ಲ, ಓದಿ ನಂಬಿ ಮುಂದೆ ಹೋಗುತ್ತಾರೆ. ಮುಂದಿನ ಹೋಲಿಕೆಯಲ್ಲಿ ಒಂದು ದಾರಿಗಿಂತ ಇನ್ನೊಂದನ್ನು ಮೇಲು ಎಂದು ನಾನು ಹೇಳುವಾಗಲೆಲ್ಲ ಅದರ ಹಿಂದಿರುವ ಕಾರಣ ಇದೊಂದೇ.

ಕಾರವಾರದಲ್ಲಿ ಸಾಗರ ಜೀವವಿಜ್ಞಾನ ಓದುತ್ತ ಬಲೆಗೆ ಬಿದ್ದ ಮೀನಿನ ಲೆಕ್ಕ ಇಡುವವರು, ಶಿರಸಿಯ ಅರಣ್ಯ ಕಾಲೇಜಿನಲ್ಲಿ ಮರಗಳ ಸುತ್ತಳತೆ ದಾಖಲಿಸುವವರು, ಸಹಕಾರಿ ಸಂಘದಲ್ಲಿ ಸದಸ್ಯರ ತೋಟದ ಮಾಹಿತಿ ಕೂಡಿಸುವವರು, ಹೀಗೆ ಆರ್ ಅಲ್ಪಸ್ವಲ್ಪ ಬಲ್ಲವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಫಂಕ್ಷನ್‌ಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಆರ್‌ನ ಸಹಾಯ ಪುಟದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಿದರೆ ಅವು ಸುಲಭವಾಗಿ ಸಿಗುತ್ತವೆ.

ಯಾವುದು ಉಳಿಯುತ್ತದೆ, ಯಾವುದು ಬೀಳುತ್ತದೆ

ದಾರಿ ಆರಿಸುವ ಮೊದಲು ಈ ನಿಯಮಗಳು ತಿಳಿದಿರಬೇಕು. ಸಾಮಾನ್ಯ ವೆಕ್ಟರ್ (ಒಂದೇ ಬಗೆಯ ಮೌಲ್ಯಗಳ ಸರಣಿ) ಒಂದರಿಂದ ಚೌಕ ಆವರಣ ಬಳಸಿ ಒಂದು ಭಾಗವನ್ನು ಆರಿಸಿದರೆ ಅಂಶಗಳ ಹೆಸರುಗಳು ಉಳಿಯುತ್ತವೆ, ಮ್ಯಾಟ್ರಿಕ್ಸ್ ಆಗಿದ್ದರೆ ಆಯಾಮಗಳೂ ಉಳಿಯುತ್ತವೆ. ನೀವು ಅಂಟಿಸಿದ ಲೇಬಲ್ ಮಾತ್ರ ಹೋಗುತ್ತದೆ. ಡೇಟಾ ಫ್ರೇಮ್‌ನಲ್ಲಿ (ಸಾಲು, ಕಾಲಂಗಳಿರುವ ಕೋಷ್ಟಕದಲ್ಲಿ) ಸಾಲುಗಳನ್ನು ಆರಿಸುವಾಗ ಪ್ರತಿಯೊಂದು ಕಾಲಂಗೂ ಇದೇ ನಿಯಮ ಅನ್ವಯಿಸುತ್ತದೆ. ಐದು ಕರಾವಳಿ ತಾಲ್ಲೂಕುಗಳ ಮೀನಿನ ಕೋಷ್ಟಕದಿಂದ ಭಟ್ಕಳದ ಸಾಲುಗಳನ್ನಷ್ಟೇ ಬೇರೆ ಮಾಡಿದಿರಿ ಎನ್ನಿ, ತೂಕದ ಕಾಲಂನ ಮೇಲಿದ್ದ ‘ಇಳಿಸಿದ ಮೀನಿನ ತೂಕ, ಕಿಲೋಗ್ರಾಂ’ ಎಂಬ ಲೇಬಲ್ ಆ ಕ್ಷಣದಲ್ಲೇ ಮಾಯ. ಸಾಲುಗಳನ್ನು ಮುಟ್ಟದೆ ಕಾಲಂಗಳನ್ನು ಮಾತ್ರ ಆರಿಸಿದರೆ ಲೇಬಲ್ ಉಳಿಯುತ್ತದೆ. ಇದೇ ವ್ಯತ್ಯಾಸ ಹೊಸಬರನ್ನು ಹೆಚ್ಚು ಗೊಂದಲಕ್ಕೆ ಕೆಡಹುತ್ತದೆ. ಬೆಳಿಗ್ಗೆ ಇದ್ದ ಲೇಬಲ್ ಮಧ್ಯಾಹ್ನ ಏಕಿಲ್ಲ ಎಂದು ಹುಡುಕುವವರು ಮೊದಲು ನೋಡಬೇಕಾದದ್ದು ಕೋಷ್ಟಕದ ಸಾಲುಗಳನ್ನು ಆರಿಸಿದ ಆಜ್ಞೆಯನ್ನೇ.

‘ಸಿ’ ಫಂಕ್ಷನ್ ಬಳಸಿ ಕಾರವಾರದ ತೂಕಗಳಿಗೆ ಅಂಕೋಲೆಯ ತೂಕಗಳನ್ನು ಜೋಡಿಸಿದರೂ ಹೆಸರುಗಳ ಹೊರತು ಉಳಿದದ್ದೆಲ್ಲ ಬೀಳುತ್ತದೆ. ‘ಆ್ಯಸ್ ನ್ಯೂಮರಿಕ್’ ಹೆಸರನ್ನೂ ಬಿಡುವುದಿಲ್ಲ, ಎಲ್ಲವನ್ನೂ ಕಿತ್ತು ಬರಿಯ ಸಂಖ್ಯೆ ಕೊಡುತ್ತದೆ. ‘ಇಫ್‌ಎಲ್ಸ್’ ಇನ್ನೂ ಒಂದು ಹೆಜ್ಜೆ ಮುಂದೆ: ಅದು ಫಲಿತಾಂಶದ ಆಟ್ರಿಬ್ಯೂಟ್‌ಗಳನ್ನು ಷರತ್ತಿನಿಂದ ತೆಗೆದುಕೊಳ್ಳುತ್ತದೆಯೇ ಹೊರತು ನೀವು ಕೊಟ್ಟ ಮೌಲ್ಯಗಳಿಂದಲ್ಲ. ಹಾಗಾಗಿ ದಿನಾಂಕಗಳ ಕಾಲಂ ಮೇಲೆ ಅದನ್ನು ಓಡಿಸಿದರೆ 2024ರ ಆಗಸ್ಟ್ 1 ಎಂಬುದು 19936 ಆಗಿ ಹೊರಬರುತ್ತದೆ, ಅಂದರೆ 1970ರ ಜನವರಿ 1ರಿಂದ ಎಣಿಸಿದ ದಿನಗಳು. ದಿನಾಂಕ ಎಂದು ಗುರುತಿಸುತ್ತಿದ್ದ ಕ್ಲಾಸ್ ಕೂಡ ಒಂದು ಆಟ್ರಿಬ್ಯೂಟ್ ಆಗಿದ್ದರಿಂದ ಹೀಗಾಗುತ್ತದೆ. ಡಿಪ್ಲೈಯರ್ ಎಂಬ ಪ್ಯಾಕೇಜಿನ (ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಫಂಕ್ಷನ್‌ಗಳ ಕಟ್ಟು) ‘ಇಫ್ ಎಲ್ಸ್’, ಅಂದರೆ ನಡುವೆ ಅಡಿಗೆರೆ ಇರುವದ್ದು, ದಿನಾಂಕವನ್ನು ದಿನಾಂಕವಾಗಿಯೇ ಉಳಿಸುತ್ತದೆ. ದಿನಾಂಕದ ಕೆಲಸವಿದ್ದರೆ ಅದನ್ನೇ ಬಳಸಿ.

ಇನ್ನು ಬೀಳಬೇಕಾದ ಕಡೆ ಬೀಳದಿರುವುದು. ಅಂಕಗಣಿತದಲ್ಲಿ ಆರ್ ಆಟ್ರಿಬ್ಯೂಟ್‌ಗಳನ್ನು ಉಳಿಸಿಕೊಳ್ಳುತ್ತದೆ. ಎರಡು ವೆಕ್ಟರ್‌ಗಳ ಉದ್ದ ಒಂದೇ ಆಗಿದ್ದರೆ ಎರಡರದ್ದೂ ಬರುತ್ತವೆ, ಒಂದೇ ಹೆಸರಿನದು ಎರಡರಲ್ಲೂ ಇದ್ದರೆ ಮೊದಲನೆಯದು ಗೆಲ್ಲುತ್ತದೆ. ಉದ್ದ ಬೇರೆಯಾಗಿದ್ದರೆ ಉದ್ದವಾದದ್ದರ ಆಟ್ರಿಬ್ಯೂಟ್ ಮಾತ್ರ ಬರುತ್ತದೆ. ಇದರ ಪರಿಣಾಮವನ್ನು ನಮ್ಮ ತೋಟದ ಲೆಕ್ಕದಲ್ಲೇ ನೋಡಿ. ವಿಸ್ತೀರ್ಣದ ಕಾಲಂ ಗುಂಟೆಯಲ್ಲಿದೆ, ಲೇಬಲ್ ‘ತೋಟದ ವಿಸ್ತೀರ್ಣ, ಗುಂಟೆ’. ಎಕರೆಗೆ ತರಲು 40ರಿಂದ ಭಾಗಿಸಿ ಹೊಸ ಕಾಲಂ ಮಾಡಿದಿರಿ. ಸಂಖ್ಯೆಗಳು ಈಗ ಎಕರೆಯಲ್ಲಿವೆ, ಲೇಬಲ್ ಮಾತ್ರ ಇನ್ನೂ ಗುಂಟೆ ಎನ್ನುತ್ತಿದೆ. ಎರಡು ಎಕರೆ ತೋಟ ಕೋಷ್ಟಕದಲ್ಲಿ ‘2 ಗುಂಟೆ’ ಎಂದು ಅಚ್ಚಾಗುತ್ತದೆ. ಲಾಗ್ ತೆಗೆದರೂ ಇದೇ ಕಥೆ. ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ಏಕೆಂದರೆ ಆರ್ ದೃಷ್ಟಿಯಲ್ಲಿ ಎಲ್ಲವೂ ನಿಯಮದಂತೆಯೇ ನಡೆದಿದೆ.

ಮೂಲ ಆರ್‌ನಲ್ಲೇ ಇರುವ ದಾರಿಗಳು

ಒಂದು ಆಟ್ರಿಬ್ಯೂಟ್ ಬರೆಯಲು ‘ಆಟ್ರ್’. ಯಾವ ವೇರಿಯೇಬಲ್, ಯಾವ ಹೆಸರಿನ ಆಟ್ರಿಬ್ಯೂಟ್ ಎಂದು ಎರಡನ್ನೂ ಹೇಳಿ ಎಡಬಾಣದ ಗುರುತಿನಿಂದ ಮೌಲ್ಯ ಕೊಟ್ಟರಾಯಿತು. ನಲ್, ಅಂದರೆ ಏನೂ ಇಲ್ಲ ಎಂಬ ಮೌಲ್ಯ, ಕೊಟ್ಟರೆ ಆ ಆಟ್ರಿಬ್ಯೂಟ್ ಅಳಿಯುತ್ತದೆ. ಯಾವ ಪ್ಯಾಕೇಜೂ ಬೇಡ. ಓದುವವರಿಗೂ ಏನು ನಡೆಯುತ್ತಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಏಳೆಂಟು ಕಾಲಂಗಳ ಸಣ್ಣ ಕೆಲಸಕ್ಕೆ ಇದಕ್ಕಿಂತ ಉತ್ತಮವಾದದ್ದನ್ನು ನಾನು ಸೂಚಿಸುವುದಿಲ್ಲ.

ಓದುವಾಗ ಮಾತ್ರ ‘ಆಟ್ರ್’ ಒಂದು ಎಡವಟ್ಟು ಮಾಡುತ್ತದೆ. ನೀವು ಕೇಳಿದ ಹೆಸರು ಸಿಗದಿದ್ದರೆ, ಆ ಹೆಸರಿನಿಂದ ಶುರುವಾಗುವ ಇನ್ನೊಂದೇ ಒಂದು ಆಟ್ರಿಬ್ಯೂಟ್ ಇದ್ದಲ್ಲಿ ಅದನ್ನೇ ಕೊಡುತ್ತದೆ. ಎಸ್‌ಪಿಎಸ್‌ಎಸ್ ಅಥವಾ ಸ್ಟೇಟಾ ಎಂಬ ಅಂಕಿಅಂಶದ ತಂತ್ರಾಂಶಗಳ ಕಡತವನ್ನು ಹೇವನ್ ಪ್ಯಾಕೇಜಿನಿಂದ ಓದಿದಾಗ ಕಾಲಂನ ವಿವರಣೆ ‘ಲೇಬಲ್’ ಎಂಬ ಆಟ್ರಿಬ್ಯೂಟ್‌ನಲ್ಲೂ, 1 ಎಂದರೆ ಟ್ರಾಲರ್, 2 ಎಂದರೆ ಪರ್ಸೀನ್, 3 ಎಂದರೆ ನಾಡದೋಣಿ ಎಂಬಂಥ ಸಂಕೇತಗಳ ಅರ್ಥ ‘ಲೇಬಲ್ಸ್’ ಎಂಬುದರಲ್ಲೂ ಇರುತ್ತವೆ. ವಿವರಣೆ ಇಲ್ಲದ, ಸಂಕೇತಗಳಷ್ಟೇ ಇರುವ ಕಾಲಂನಲ್ಲಿ ‘ಲೇಬಲ್’ ಕೇಳಿದರೆ ಆರ್ ‘ಇಲ್ಲ’ ಎನ್ನದೆ ‘ಲೇಬಲ್ಸ್’ನಲ್ಲಿದ್ದ ಪಟ್ಟಿಯನ್ನೇ ಕೈಗಿಡುತ್ತದೆ. ಅದನ್ನೇ ಇನ್ನೊಂದು ಕಾಲಂಗೆ ನಕಲಿಸಿದಿರೋ, ವಿವರಣೆಯ ಜಾಗದಲ್ಲಿ 1, 2, 3 ಕೂರುತ್ತವೆ. ಪರಿಹಾರ ಸುಲಭ: ‘ಎಗ್ಸಾಕ್ಟ್’ ಎಂಬ ಆಯ್ಕೆಗೆ ಟ್ರೂ ಕೊಡಿ. ನಕಲಿಸುವ ಉದ್ದೇಶದಿಂದ ಓದುವ ಪ್ರತಿ ಸಲವೂ ಇದನ್ನು ಬರೆಯುವುದು ಅಭ್ಯಾಸವಾಗಬೇಕು.

‘ಆಟ್ರಿಬ್ಯೂಟ್ಸ್’ ಎಲ್ಲವನ್ನೂ ಒಟ್ಟಿಗೆ ಪಟ್ಟಿಯಾಗಿ ತೋರಿಸುತ್ತದೆ, ನೋಡುವುದಕ್ಕೆ ಬಹಳ ಉಪಯುಕ್ತ. ಬರೆಯುವುದಕ್ಕೆ ಬಳಸಿದರೆ ಮೊದಲಿದ್ದ ಎಲ್ಲವನ್ನೂ ಅಳಿಸಿ ಹೊಸ ಪಟ್ಟಿಯನ್ನಷ್ಟೇ ಇಡುತ್ತದೆ. ‘ಮೋಸ್ಟ್ ಆಟ್ರಿಬ್ಯೂಟ್ಸ್’ ಹಳೆಯದನ್ನು ಅಳಿಸುವುದಿಲ್ಲ, ಅದರ ಮೇಲೆ ಸೇರಿಸುತ್ತದೆ. ಹೆಸರು ಮತ್ತು ಆಯಾಮಗಳನ್ನು ಅವು ಹೊಂದುವಂತಿದ್ದರೆ ಮಾತ್ರ ಹಚ್ಚುತ್ತದೆ. ‘ಸ್ಟ್ರಕ್ಚರ್’ ಹಲವು ಆಟ್ರಿಬ್ಯೂಟ್‌ಗಳನ್ನು ಒಂದೇ ಕರೆಯಲ್ಲಿ ಬರೆದು ಹೊಸ ವಸ್ತುವನ್ನು ಹಿಂದಿರುಗಿಸುತ್ತದೆ, ಹಾಗಾಗಿ ಪೈಪ್ ಬಳಸಿ ಸರಣಿಯಾಗಿ ಬರೆಯುವವರಿಗೆ ಅನುಕೂಲ.

ಡೇಟಾ ಟೇಬಲ್ ಪ್ಯಾಕೇಜಿನ ‘ಸೆಟ್ ಆಟ್ರ್’ ನಕಲು ಮಾಡದೆ ಇದ್ದಲ್ಲೇ ಬದಲಿಸುತ್ತದೆ. ಕೋಟಿಗಟ್ಟಲೆ ಸಾಲುಗಳಿದ್ದಾಗ ಕಂಪ್ಯೂಟರಿನ ಮೆಮೊರಿಯ ಉಳಿತಾಯ ದೊಡ್ಡದು. ಆದರೆ ಒಂದೇ ದತ್ತಾಂಶಕ್ಕೆ ಎರಡು ಹೆಸರು ಇಟ್ಟಿದ್ದರೆ ಎರಡರಲ್ಲೂ ಲೇಬಲ್ ಬದಲಾಗುತ್ತದೆ. ಹಳೆಯದು ಹಾಗೆಯೇ ಇದೆ ಎಂದು ನಂಬಿದವರಿಗೆ ಇದು ದುಬಾರಿ. ಒಂದು ತಾಲ್ಲೂಕಿನ, ಒಂದು ಸಂಘದ ಲೆಕ್ಕಕ್ಕೆ ಆ ವೇಗದ ಅಗತ್ಯವೇ ಬರುವುದಿಲ್ಲ.

ಕಡಿಮೆ ಜನ ಬಳಸುವ, ನನಗೆ ಬಹಳ ಇಷ್ಟವಾದ ಒಂದು ದಾರಿ ಇನ್ನೂ ಇದೆ. ಕಾಲಂನ ಹೆಸರಿನ ಮುಂದೆ ಖಾಲಿ ಚೌಕ ಆವರಣ ಹಾಕಿ ಅದಕ್ಕೆ ಹೊಸ ಮೌಲ್ಯಗಳನ್ನು ಕೊಟ್ಟರೆ ಒಳಗಿನ ಸಂಖ್ಯೆಗಳು ಬದಲಾಗುತ್ತವೆ, ಆಟ್ರಿಬ್ಯೂಟ್‌ಗಳು ಇದ್ದ ಹಾಗೆಯೇ ಉಳಿಯುತ್ತವೆ. ಬೈತಖೋಲ್ ಬಂದರಿನ ತೂಕದ ಕಾಲಂನಲ್ಲಿ ಬರಹದ ತಪ್ಪುಗಳನ್ನು ತಿದ್ದಿ ಅದೇ ಕಾಲಂಗೆ ಮರಳಿ ತುಂಬುವಾಗ ನಕಲಿಸುವ ಗೋಜೇ ಇಲ್ಲ. ಅರ್ಥವೂ ಏಕಮಾನವೂ ಬದಲಾಗದ ತಿದ್ದುಪಡಿಗೆ ಮಾತ್ರ ಇದು ಸರಿ.

ಇಡಿಯಾಗಿ ನಕಲಿಸುವ ಆಸೆ

ಸಾಲುಗಳನ್ನು ಆರಿಸಿದ ಮೇಲೆ ಲೇಬಲ್ ಬಿದ್ದಿದೆ. ಹಳೆಯ ಕಾಲಂನ ಎಲ್ಲ ಆಟ್ರಿಬ್ಯೂಟ್‌ಗಳನ್ನೂ ಒಂದೇ ಸಾಲಿನಲ್ಲಿ ಹೊಸದಕ್ಕೆ ಹಚ್ಚಿಬಿಡೋಣ ಎಂಬ ಆಸೆ ಸಹಜ. ‘ಆಟ್ರಿಬ್ಯೂಟ್ಸ್’ ಅದಕ್ಕೆ ಅವಕಾಶವನ್ನೂ ಕೊಡುತ್ತದೆ. ಎರಡೂ ಕಾಲಂಗಳು ಒಂದೇ ಬಗೆಯವು, ಒಂದೇ ಉದ್ದದವು, ಒಂದೇ ಏಕಮಾನದವು ಎಂದು ಖಚಿತವಿದ್ದಾಗ ಇದು ನಡೆಯುತ್ತದೆ. ಉಳಿದ ಕಡೆ ಬೇಡ ಎಂದು ಒತ್ತಿ ಹೇಳುತ್ತೇನೆ.

ವರ್ಗಗಳನ್ನು ಹಿಡಿದಿಡುವ ಕಾಲಂಗೆ ಆರ್‌ನಲ್ಲಿ ಫ್ಯಾಕ್ಟರ್ ಎನ್ನುತ್ತಾರೆ. ಅತ್ಯಂತ ಕೆಟ್ಟ ಪರಿಣಾಮ ಫ್ಯಾಕ್ಟರ್‌ಗಳಲ್ಲಿ ಆಗುತ್ತದೆ. ಫ್ಯಾಕ್ಟರ್ ಒಳಗೆ ಇರುವುದು 1, 2, 3 ಎಂಬ ಪೂರ್ಣಾಂಕಗಳು. ಯಾವ ಸಂಖ್ಯೆ ಯಾವ ವರ್ಗ ಎಂದು ಹೇಳುವ ‘ಲೆವೆಲ್ಸ್’ ಒಂದು ಆಟ್ರಿಬ್ಯೂಟ್. ಶಿರಸಿಯ ಕೋಷ್ಟಕದಲ್ಲಿ ನಾಲ್ಕು ದರ್ಜೆಗಳಿವೆ ಎನ್ನಿ. ಆರ್ ಅವನ್ನು ಅಕಾರಾದಿಯಾಗಿ ಜೋಡಿಸಿ ಕೆಂಪುಗೋಟು 1, ಚಾಲಿ 2, ಬೆಟ್ಟೆ 3, ರಾಶಿ 4 ಎಂದು ಇಟ್ಟುಕೊಂಡಿದೆ. ಯಲ್ಲಾಪುರದ ಒಂದು ದಿನದ ಕೋಷ್ಟಕದಲ್ಲಿ ಚಾಲಿ ಮತ್ತು ರಾಶಿ ಎರಡೇ ಇವೆ. ಅಲ್ಲಿ ಚಾಲಿ 1, ರಾಶಿ 2. ಎರಡೂ ಕಡೆ ಲೆವೆಲ್‌ಗಳು ಒಂದೇ ಇರಲಿ ಎಂದು ಶಿರಸಿಯ ‘ಲೆವೆಲ್ಸ್’ ಅನ್ನು ಯಲ್ಲಾಪುರದ ಕಾಲಂಗೆ ಹಚ್ಚಿದರೆ ಒಳಗಿನ ಸಂಖ್ಯೆಗಳು ಬದಲಾಗುವುದಿಲ್ಲ, ಹೆಸರುಗಳಷ್ಟೇ ಬದಲಾಗುತ್ತವೆ. ಯಲ್ಲಾಪುರದ ಚಾಲಿಯೆಲ್ಲ ಕೆಂಪುಗೋಟು ಆಗುತ್ತದೆ, ರಾಶಿಯೆಲ್ಲ ಚಾಲಿಯಾಗುತ್ತದೆ. ಹೊಸ ಪಟ್ಟಿ ಹಳೆಯದಕ್ಕಿಂತ ಉದ್ದವಾಗಿದ್ದರೆ ಆರ್ ತಡೆಯುವುದಿಲ್ಲ, ಚಿಕ್ಕದಾಗಿದ್ದರೆ ಮಾತ್ರ ದೋಷ ತೋರಿಸುತ್ತದೆ. ಕೂಡಿಸಿದ ಮೇಲೆ ಸರಾಸರಿ ದರಗಳು ತಿರುವುಮುರುವಾಗಿರುತ್ತವೆ. ಅಡಿಕೆ ಬೆಳೆದವರು ನೋಡಿದರೆ ಕೂಡಲೇ ಹಿಡಿಯುತ್ತಾರೆ, ದರ್ಜೆಗಳ ಪರಿಚಯವಿಲ್ಲದ ದೂರದ ಓದುಗ ಹಿಡಿಯಲಾರ.

ಇಲ್ಲಿ ಸರಿಯಾದ ದಾರಿ ‘ಫ್ಯಾಕ್ಟರ್’ ಫಂಕ್ಷನ್ನನ್ನೇ ಮತ್ತೆ ಕರೆದು, ಅದರ ‘ಲೆವೆಲ್ಸ್’ ಎಂಬ ಜಾಗದಲ್ಲಿ ಶಿರಸಿಯ ಪಟ್ಟಿಯನ್ನು ಕೊಡುವುದು. ಆಗ ಆರ್ ಹೆಸರಿಗೆ ಹೆಸರು ಹೋಲಿಸಿ ಒಳಗಿನ ಸಂಖ್ಯೆಗಳನ್ನು ಹೊಸದಾಗಿ ಕೊಡುತ್ತದೆ: ಚಾಲಿ 2 ಆಗುತ್ತದೆ, ರಾಶಿ 4 ಆಗುತ್ತದೆ, ಅಡಿಕೆ ಅಡಿಕೆಯಾಗಿಯೇ ಉಳಿಯುತ್ತದೆ. ಪಟ್ಟಿಯಲ್ಲಿ ಇಲ್ಲದ ದರ್ಜೆ ಬಂದರೆ ಅದು ಖಾಲಿ ಮೌಲ್ಯವಾಗುತ್ತದೆ. ಆದ್ದರಿಂದ ಮುಂಚೆ ಎಷ್ಟು ಖಾಲಿ ಇದ್ದವು, ಈಗ ಎಷ್ಟು ಇವೆ ಎಂದು ಎಣಿಸಿ ನೋಡುವುದು ಅಗತ್ಯ. ನೋಡಲು ಒಂದೇ ರೀತಿ ಕಾಣುವ ಈ ಎರಡು ದಾರಿಗಳಲ್ಲಿ ಒಂದು ಹೆಸರನ್ನು ಹೋಲಿಸುತ್ತದೆ, ಇನ್ನೊಂದು ಬರಿಯ ಸ್ಥಾನವನ್ನು. ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ದಿನಾಂಕದ ಕಾಲಂನ ಎಲ್ಲ ಆಟ್ರಿಬ್ಯೂಟ್‌ಗಳನ್ನು ದರದ ಕಾಲಂಗೆ ಅಚಾತುರ್ಯದಿಂದ ಹಚ್ಚಿದರೆ ಕ್ಲಾಸ್ ಕೂಡ ಹೋಗಿ ಕೂರುತ್ತದೆ. ಕ್ವಿಂಟಲ್ಲಿಗೆ 45,000 ರೂಪಾಯಿ ಎಂಬ ದರ 2093ರ ಮಾರ್ಚ್ 16 ಎಂದು ಕಾಣುತ್ತದೆ. ಇದು ಕಣ್ಣಿಗೆ ಹೊಡೆಯುವ ತಪ್ಪಾದ್ದರಿಂದ ಅಷ್ಟು ಚಿಂತೆಯಿಲ್ಲ. ಇಡೀ ಡೇಟಾ ಫ್ರೇಮ್‌ನ ಆಟ್ರಿಬ್ಯೂಟ್‌ಗಳನ್ನು ಸಾಲು ಕಡಿಮೆಯಾದ ಹೊಸ ಫ್ರೇಮ್‌ಗೆ ಹಚ್ಚುವುದು ಅದಕ್ಕಿಂತ ಕೆಟ್ಟದ್ದು. ಸಾಲುಗಳ ಹೆಸರೂ ಒಂದು ಆಟ್ರಿಬ್ಯೂಟ್ ಆಗಿರುವುದರಿಂದ ನೂರು ಸಾಲಿನ ಫ್ರೇಮ್ ತನಗೆ ಸಾವಿರ ಸಾಲಿದೆ ಎಂದು ಹೇಳತೊಡಗುತ್ತದೆ, ವಸ್ತು ಒಳಗಿನಿಂದ ಕೆಡುತ್ತದೆ. ‘ಮೋಸ್ಟ್ ಆಟ್ರಿಬ್ಯೂಟ್ಸ್’ ಕೂಡ ಇದನ್ನು ಪರೀಕ್ಷಿಸುವುದಿಲ್ಲ. ಅದು ಮುಖ್ಯವಾಗಿ ಅರೇಗಳಿಗಾಗಿ ಮಾಡಿದ್ದು ಎಂದು ಆರ್‌ನ ದಾಖಲೆಯೇ ಹೇಳುತ್ತದೆ. ಡೇಟಾ ಫ್ರೇಮ್‌ಗೆ ಅದನ್ನು ಬಳಸುವ ಕಾರಣ ನನಗೆ ಕಾಣುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಯಾವ ಆಟ್ರಿಬ್ಯೂಟ್ ಬೇಕೋ ಅದರ ಹೆಸರು ಹೇಳಿ ಅದನ್ನಷ್ಟೇ ನಕಲಿಸಿ. ಹಳೆಯ, ಹೊಸ ಫ್ರೇಮ್‌ಗಳೆರಡರಲ್ಲೂ ಇರುವ ಕಾಲಂ ಹೆಸರುಗಳನ್ನು ‘ಇಂಟರ್‌ಸೆಕ್ಟ್’ ಬಳಸಿ ತೆಗೆದು, ಒಂದೊಂದರ ಮೇಲೂ ಫಾರ್ ಲೂಪ್ ಓಡಿಸಿ, ಹಳೆಯದರ ‘ಲೇಬಲ್’ ಅನ್ನು ‘ಎಗ್ಸಾಕ್ಟ್’ ಟ್ರೂ ಎಂದು ಓದಿ ಹೊಸದಕ್ಕೆ ಬರೆಯುವುದು ಮೂರು ಸಾಲಿನ ಕೆಲಸ. ಕಾಲಂಗಳ ಕ್ರಮ ಬದಲಾಗಿದ್ದರೂ ತೊಂದರೆಯಿಲ್ಲ, ಏಕೆಂದರೆ ಹೊಂದಾಣಿಕೆ ನಡೆಯುವುದು ಹೆಸರಿನ ಮೇಲೆ. ಕ್ಲಾಸ್, ಲೆವೆಲ್ಸ್, ಸಾಲುಗಳ ಹೆಸರು ಯಾವುದನ್ನೂ ಇದು ಮುಟ್ಟುವುದಿಲ್ಲ.

ಪ್ಯಾಕೇಜುಗಳ ನಡುವೆ ಆಯ್ಕೆ

ಕಾಲಂಗಳು ಐವತ್ತು ದಾಟಿದಾಗ, ಸಂಕೇತಗಳಿರುವ ಸಮೀಕ್ಷೆಯ ಕಡತ ಕೈಗೆ ಬಂದಾಗ ಪ್ಯಾಕೇಜು ಬೇಕೆನಿಸುತ್ತದೆ. ನಾನು ಮೊದಲು ಹೇಳುವ ಹೆಸರು ಲೇಬಲ್ಡ್. ಅದರ ‘ಸೆಟ್ ವೇರಿಯೇಬಲ್ ಲೇಬಲ್ಸ್’ ಫಂಕ್ಷನ್ನಿಗೆ ಕಾಲಂ ಹೆಸರು ಮತ್ತು ವಿವರಣೆಯ ಜೋಡಿಗಳನ್ನು ಪಟ್ಟಿಯಾಗಿ ಕೊಟ್ಟರೆ ಎಲ್ಲವನ್ನೂ ಒಮ್ಮೆಗೇ ಹಚ್ಚುತ್ತದೆ. ಪಟ್ಟಿಯಲ್ಲಿರುವ ಹೆಸರು ಕೋಷ್ಟಕದಲ್ಲಿ ಇಲ್ಲದಿದ್ದರೆ ತಾನಾಗಿಯೇ ದೋಷ ತೋರಿಸಿ ನಿಲ್ಲುತ್ತದೆ, ಕಾಗುಣಿತದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ‘ಕಾಪಿ ಲೇಬಲ್ಸ್’ ವಿವರಣೆ, ಸಂಕೇತಗಳ ಅರ್ಥ, ಖಾಲಿ ಎಂದು ಗುರುತಿಸಿದ ಮೌಲ್ಯಗಳು ಈ ಮೂರನ್ನು ಮಾತ್ರ ಕಾಲಂ ಹೆಸರಿನ ಆಧಾರದಲ್ಲಿ ನಕಲಿಸುತ್ತದೆ. ಎರಡು ಕಾಲಂಗಳ ಬಗೆ ಬೇರೆಯಾಗಿದ್ದು ಸಂಕೇತಗಳನ್ನು ಹಚ್ಚಲು ಬಾರದಿದ್ದರೆ ಮೌನವಾಗಿ ಬಿಡದೆ ದೋಷ ಕೊಡುತ್ತದೆ. ಮೌನವೇ ನಮ್ಮ ಶತ್ರುವಾಗಿರುವಾಗ ಈ ಗುಣಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಎಸ್‌ಜೆ ಲೇಬಲ್ಡ್ ಪ್ಯಾಕೇಜಿನಲ್ಲೂ ‘ಕಾಪಿ ಲೇಬಲ್ಸ್’ ಎಂಬ ಅದೇ ಹೆಸರಿನ ಫಂಕ್ಷನ್ ಇದೆ. ಅದನ್ನು ಮಾಡಿರುವುದೂ ಸಾಲು ಆರಿಸುವಾಗ ಬಿದ್ದ ಲೇಬಲ್‌ಗಳನ್ನು ಮರಳಿ ಹಚ್ಚುವುದಕ್ಕೇ. ಆದರೆ ಲೇಬಲ್ಡ್‌ನಲ್ಲಿ ಮೊದಲು ಮೂಲ ಕೋಷ್ಟಕ, ನಂತರ ಹೊಸದು. ಎಸ್‌ಜೆ ಲೇಬಲ್ಡ್‌ನಲ್ಲಿ ಮೊದಲು ಹೊಸದು, ನಂತರ ಮೂಲ. ಎರಡೂ ಪ್ಯಾಕೇಜುಗಳನ್ನು ಒಟ್ಟಿಗೆ ತೆರೆದಿಟ್ಟರೆ ಕೊನೆಗೆ ತೆರೆದದ್ದೇ ಮುಂದೆ ನಿಲ್ಲುತ್ತದೆ, ನೀವು ಅಂದುಕೊಂಡ ದಿಕ್ಕಿಗೆ ವಿರುದ್ಧವಾಗಿ ಲೇಬಲ್ ಹರಿಯಬಹುದು. ಒಂದನ್ನು ಆರಿಸಿಕೊಳ್ಳಿ. ಎರಡೂ ಬೇಕೇಬೇಕಾದರೆ ಫಂಕ್ಷನ್ನಿನ ಮುಂದೆ ಪ್ಯಾಕೇಜಿನ ಹೆಸರನ್ನೂ ಎರಡು ಜೋಡಿಚುಕ್ಕೆಗಳನ್ನೂ ಬರೆಯಿರಿ, ಜೊತೆಗೆ ಯಾವುದು ಮೂಲ, ಯಾವುದು ಹೊಸದು ಎಂದು ಆಯ್ಕೆಗಳ ಹೆಸರು ಹಿಡಿದೇ ಕೊಡಿ.

ಎಚ್‌ಮಿಸ್ಕ್ ಹಳೆಯ, ನಂಬಿಕಸ್ಥ ಪ್ಯಾಕೇಜು. ಅದರ ‘ಲೇಬಲ್’ ಫಂಕ್ಷನ್ ಲೇಬಲ್ ಬರೆಯುವ ಜೊತೆಗೆ ಕಾಲಂಗೆ ಒಂದು ಕ್ಲಾಸ್ ಕೂಡ ಕೊಡುತ್ತದೆ. ಆ ಕ್ಲಾಸ್ ಇರುವ ಕಾರಣ ಸಾಲು ಆರಿಸಿದರೂ ಲೇಬಲ್ ಬೀಳುವುದಿಲ್ಲ, ನಕಲಿಸುವ ಪ್ರಶ್ನೆಯೇ ಏಳುವುದಿಲ್ಲ. ಪದೇ ಪದೇ ತಾಲ್ಲೂಕುವಾರು, ತಿಂಗಳುವಾರು ಬೇರ್ಪಡಿಸುವ ಕೆಲಸವಿದ್ದವರಿಗೆ ಇದು ದೊಡ್ಡ ಅನುಕೂಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಸಾದಾ ಸಂಖ್ಯೆಯ ಕಾಲಂ ಇನ್ನು ಸಾದಾ ಅಲ್ಲ, ಕ್ಲಾಸ್ ನೋಡಿ ವರ್ತಿಸುವ ಬೇರೆ ಪ್ಯಾಕೇಜುಗಳು ಅದನ್ನು ಬೇರೆಯಾಗಿ ಕಾಣಬಹುದು. ಹೇವನ್ ಕೂಡ ಮೊದಲು ಅದೇ ಕ್ಲಾಸ್ ಹೆಸರನ್ನು ಬಳಸುತ್ತಿತ್ತು. ಎಚ್‌ಮಿಸ್ಕ್ ಜೊತೆಗಿನ ಘರ್ಷಣೆ ತಪ್ಪಿಸಲು 2.0.0 ಆವೃತ್ತಿಯಿಂದ ತನ್ನ ಹೆಸರನ್ನೇ ಮುಂದೆ ಸೇರಿಸಿಕೊಂಡಿತು. ಹಳೆಯ ಆರ್‌ಡಿಎಸ್ (ಆರ್ ತನ್ನದೇ ರೂಪದಲ್ಲಿ ಉಳಿಸಿದ) ಕಡತಗಳನ್ನು ಇಂದು ತೆರೆಯುವವರು ಇದನ್ನು ತಿಳಿದಿರಬೇಕು.

ಹೇವನ್‌ನಿಂದ ಓದಿದ ಕಡತದಲ್ಲಿ ಒಂದು ಸೂಕ್ಷ್ಮವಿದೆ. ಸಂಕೇತಗಳಿರುವ ಕಾಲಂಗಳಿಗೆ ವಿಶೇಷ ಕ್ಲಾಸ್ ಸಿಗುವುದರಿಂದ ಸಾಲು ಆರಿಸಿದಾಗ ಅವುಗಳ ಲೇಬಲ್ ಉಳಿಯುತ್ತದೆ. ವಿವರಣೆ ಮಾತ್ರ ಇರುವ ತೂಕ, ದರದಂಥ ಕಾಲಂಗಳು ಸಾದಾ ಸಂಖ್ಯೆಗಳಾಗಿಯೇ ಬರುತ್ತವೆ, ಚೌಕ ಆವರಣದಿಂದ ಆರಿಸಿದರೆ ಅವುಗಳ ಲೇಬಲ್ ಬೀಳುತ್ತದೆ. ಒಂದೇ ಕೋಷ್ಟಕದಲ್ಲಿ ಅರ್ಧ ಲೇಬಲ್ ಇದ್ದು ಅರ್ಧ ಹೋಗಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಖಾಲಿ ಮೌಲ್ಯದ ವಿಷಯದಲ್ಲಿ ಕರಾವಳಿಯ ಲೆಕ್ಕಕ್ಕೆ ವಿಶೇಷ ಎಚ್ಚರ ಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಟ್ರಾಲರ್‌ನ ತೂಕ ಸೊನ್ನೆಯಲ್ಲ, ಗೊತ್ತಿಲ್ಲ ಎಂದೂ ಅಲ್ಲ. ಅದು ಅನ್ವಯಿಸುವುದೇ ಇಲ್ಲ. ಎಸ್‌ಪಿಎಸ್‌ಎಸ್ ಬಳಸುವವರು ಇಂಥ ಕಡೆ −9 ಎಂಬಂಥ ಸಂಕೇತ ಇಟ್ಟು ಅದನ್ನು ಖಾಲಿ ಎಂದು ಘೋಷಿಸುತ್ತಾರೆ. ಹೇವನ್ ಸಾಮಾನ್ಯವಾಗಿ ಇವನ್ನೆಲ್ಲ ಸಾದಾ ಖಾಲಿ ಮೌಲ್ಯ ಮಾಡಿಬಿಡುತ್ತದೆ, ನಿಷೇಧದ ದಿನವೂ ದಾಖಲಿಸಲು ಮರೆತ ದಿನವೂ ಒಂದಾಗಿಬಿಡುತ್ತವೆ. ‘ಯೂಸರ್ ಎನ್‌ಎ’ ಆಯ್ಕೆಗೆ ಟ್ರೂ ಕೊಟ್ಟರೆ −9 ಮತ್ತು ಅದರ ಅರ್ಥ ಎರಡೂ ಉಳಿಯುತ್ತವೆ. ಆದರೆ ಹಾಗೆ ಉಳಿಸಿಕೊಂಡ −9 ಮೊತ್ತದಲ್ಲಿ ಸಂಖ್ಯೆಯಾಗಿಯೇ ಸೇರುವ ಅಪಾಯವಿದೆ. ಅದಕ್ಕಾಗಿ ಮೊದಲು ನಿಷೇಧದ ದಿನಗಳಿಗೆ ಪ್ರತ್ಯೇಕ ಕಾಲಂ ಮಾಡಿಕೊಂಡು, ಆಮೇಲೆ ‘ಝ್ಯಾಪ್ ಮಿಸ್ಸಿಂಗ್’ ಬಳಸಿ −9ಗಳನ್ನು ಖಾಲಿ ಮಾಡುವುದನ್ನೇ ನಾನು ಶಿಫಾರಸು ಮಾಡುತ್ತೇನೆ.

ಏಕಮಾನವನ್ನು ಲೇಬಲ್‌ನಲ್ಲಿ ಬರೆಯಬೇಕೇ?

ಗುಂಟೆ–ಎಕರೆಯ ಉದಾಹರಣೆಯಲ್ಲಿ ತಪ್ಪು ಹುಟ್ಟಿದ್ದು ಏಕಮಾನವನ್ನು ಬರಿಯ ಪದವಾಗಿ ಬರೆದದ್ದರಿಂದ. ಲೇಬಲ್‌ನೊಳಗಿನ ಪದ ಆರ್‌ಗೆ ಅರ್ಥವಾಗುವುದಿಲ್ಲ. ಯೂನಿಟ್ಸ್ ಎಂಬ ಪ್ಯಾಕೇಜು ಏಕಮಾನವನ್ನು ಅರ್ಥವುಳ್ಳ ಆಟ್ರಿಬ್ಯೂಟ್ ಆಗಿ ಇಡುತ್ತದೆ. ಕಿಲೋಗ್ರಾಂ ಕಾಲಂ ಅನ್ನು ಟನ್ನಿಗೆ ಪರಿವರ್ತಿಸು ಎಂದರೆ ಸಂಖ್ಯೆಯೂ ಏಕಮಾನವೂ ಒಟ್ಟಿಗೇ ಬದಲಾಗುತ್ತವೆ. ಕಿಲೋಗ್ರಾಮಿಗೆ ಮೀಟರ್ ಕೂಡಿಸಲು ಹೋದರೆ ದೋಷ ಬರುತ್ತದೆ. ಮರದ ಸುತ್ತಳತೆ, ಎತ್ತರ, ಮಳೆಯ ಪ್ರಮಾಣ, ಮೀನಿನ ತೂಕ ಹೀಗೆ ಅಳತೆಗಳೇ ಹೆಚ್ಚಿರುವ ಕೆಲಸದಲ್ಲಿ ಇದನ್ನು ಕಲಿಯುವ ಶ್ರಮ ಸಾರ್ಥಕ. ಸಮೀಕ್ಷೆಯ ಪ್ರಶ್ನೋತ್ತರಗಳೇ ಹೆಚ್ಚಿರುವ ಕಡೆ ಇದರ ಅಗತ್ಯವಿಲ್ಲ.

ಆಟ್ರಿಬ್ಯೂಟ್ ಬೇಡವೇ ಬೇಡ ಎನ್ನುವ ದಾರಿ

ಇನ್ನೊಂದು ಆಯ್ಕೆಯಲ್ಲಿ ಲೇಬಲ್‌ಗಳನ್ನು ಕಾಲಂಗೆ ಅಂಟಿಸದೆ ಬೇರೆಯೇ ಒಂದು ವಿವರಪಟ್ಟಿಯಲ್ಲಿ ಇಡಲಾಗುತ್ತದೆ: ಕಾಲಂ ಹೆಸರು, ವಿವರಣೆ, ಏಕಮಾನ, ಮಾಹಿತಿ ಎಲ್ಲಿಂದ ಬಂತು. ಒಂದು ಸಿಎಸ್‌ವಿ ಕಡತ ಸಾಕು. ಎಕ್ಸೆಲ್‌ನಲ್ಲಿ ಯಾರು ಬೇಕಾದರೂ ತೆರೆಯಬಹುದು, ಆರ್ ಗೊತ್ತಿಲ್ಲದ ಸಂಘದ ಗುಮಾಸ್ತರೂ ತಿದ್ದಬಹುದು. ಯಾವ ಕಾರ್ಯಾಚರಣೆಯಲ್ಲೂ ಅದು ಬೀಳುವುದಿಲ್ಲ, ಏಕೆಂದರೆ ಅದು ಅಂಟಿಕೊಂಡೇ ಇಲ್ಲ.

ಹಲವರ ಕೈ ಸೇರುವ, ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಕೆಲಸಕ್ಕೆ ನನ್ನ ಆಯ್ಕೆ ಇದೇ, ಒಂದು ಸಣ್ಣ ಸೇರ್ಪಡೆಯೊಂದಿಗೆ. ವಿವರಪಟ್ಟಿಯೇ ಅಧಿಕೃತ. ಸಾಲು ಆರಿಸುವುದು, ಕೂಡಿಸುವುದು, ಏಕಮಾನ ಬದಲಿಸುವುದು ಎಲ್ಲ ಮುಗಿದ ಮೇಲೆ, ಕೋಷ್ಟಕ ಅಥವಾ ನಕ್ಷೆ ತಯಾರಿಸುವ ಮುನ್ನ ಒಮ್ಮೆ ಮಾತ್ರ ಆ ಪಟ್ಟಿಯಿಂದ ‘ಸೆಟ್ ವೇರಿಯೇಬಲ್ ಲೇಬಲ್ಸ್’ ಮೂಲಕ ಲೇಬಲ್ ಹಚ್ಚಬೇಕು. ಆಗ ಒಂದು ಹಂತದಿಂದ ಇನ್ನೊಂದಕ್ಕೆ ನಕಲಿಸುವ ಕೆಲಸವೇ ಉಳಿಯುವುದಿಲ್ಲ. ಎಕರೆಯ ಹೊಸ ಕಾಲಂಗೆ ಹೊಸ ಹೆಸರು ಕೊಟ್ಟು ಪಟ್ಟಿಯಲ್ಲಿ ಹೊಸ ಸಾಲು ಬರೆದಿರುತ್ತೀರಿ, ಅಂಕಗಣಿತದ ಮೂಲಕ ನುಸುಳಿ ಬಂದ ಹಳೆಯ ‘ಗುಂಟೆ’ಯನ್ನು ಅದು ಅಳಿಸಿ ಬರೆಯುತ್ತದೆ. ಜಿಟಿ ಸಮ್ಮರಿಯಂಥ ಪ್ಯಾಕೇಜುಗಳು ಕೋಷ್ಟಕದಲ್ಲಿ ಕಾಲಂ ಹೆಸರಿನ ಬದಲು ಲೇಬಲ್ ಅನ್ನೇ ಅಚ್ಚುಮಾಡುವುದರಿಂದ ವರದಿಯಲ್ಲಿ ನೇರವಾಗಿ ಕನ್ನಡ ವಿವರಣೆ ಬರುತ್ತದೆ.

ಸ್ಟೇಟಾದಿಂದ ಆರ್‌ಗೆ ಬಂದವರಿಗೆ ಒಂದು ಮಾತು. ಅಲ್ಲಿ ‘ಕ್ಲೋನ್‌ವಾರ್’ ಎಂದರೆ ಲೇಬಲ್ ಸಮೇತ ನಕಲು, ‘ಜನರೇಟ್’ ಎಂದರೆ ಮೌಲ್ಯ ಮಾತ್ರ. ಸಂಕೇತಗಳ ಅರ್ಥವನ್ನು ಪ್ರತ್ಯೇಕ ಹೆಸರಿನಲ್ಲಿ ಒಮ್ಮೆ ಬರೆದು ಹತ್ತು ಕಾಲಂಗಳಿಗೆ ಜೋಡಿಸಬಹುದು, ಒಂದು ಕಡೆ ತಿದ್ದಿದರೆ ಹತ್ತೂ ಕಡೆ ಬದಲಾಗುತ್ತದೆ. ಆರ್‌ನಲ್ಲಿ ಪ್ರತಿಯೊಂದು ಕಾಲಂ ತನ್ನದೇ ಪ್ರತಿಯನ್ನು ಹೊತ್ತಿರುತ್ತದೆ. ಒಂದರಲ್ಲಿ ತಿದ್ದಿದ್ದು ಉಳಿದ ಒಂಬತ್ತಕ್ಕೆ ತಲುಪುವುದಿಲ್ಲ. ವಿವರಪಟ್ಟಿ ಬೇಕೆನ್ನಲು ಇದೂ ಒಂದು ಕಾರಣ.

ಕನ್ನಡ ಲೇಬಲ್ ಮತ್ತು ಕಡತ ಉಳಿಸುವುದು

ಲೇಬಲ್ ಕನ್ನಡದಲ್ಲೇ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಂಗಡೆ, ಇಸವಾಣ, ಶೆಟ್ಲಿ ಎಂದು ಬಂದರಿನಲ್ಲಿ ಹೇಳುವುದನ್ನು ಹಾಗೆಯೇ ಬರೆದರೆ ಲೆಕ್ಕ ಕೊಟ್ಟವರೇ ಅದನ್ನು ಓದಿ ಪರಿಶೀಲಿಸಬಹುದು. ಮೊದಲು ವಿಂಡೋಸ್‌ನಲ್ಲಿ ಕನ್ನಡ ಅಕ್ಷರಗಳು ಆರ್‌ನೊಳಗೆ ಸಂಕೇತಗಳಾಗಿ ಒಡೆಯುತ್ತಿದ್ದವು. 2022ರಲ್ಲಿ ಬಂದ 4.2.0 ಆವೃತ್ತಿಯಿಂದ, ಹೊಸ ವಿಂಡೋಸ್ 10 ಮತ್ತು ಅದರ ನಂತರದವುಗಳಲ್ಲಿ, ಆರ್ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಲ್ಲುವ ಯುಟಿಎಫ್-8 ಸಂಕೇತಕ್ರಮವನ್ನೇ ಬಳಸುವುದರಿಂದ ಆ ತೊಂದರೆ ಬಹುಪಾಲು ನಿಂತಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿ ಇದ್ದರೆ ಮೊದಲು ಅದನ್ನು ಬದಲಿಸಿ.

ಸ್ಟೇಟಾ ಕಡತವಾಗಿ ಹೊರಕ್ಕೆ ಕೊಡುವುದಾದರೆ ಲೇಬಲ್‌ಗೆ 80 ಅಕ್ಷರಗಳ ಮಿತಿ ಇದೆ. ಕನ್ನಡದಲ್ಲಿ ಈ ಎಣಿಕೆ ಕಣ್ಣಿನ ಲೆಕ್ಕಕ್ಕೆ ಸಿಗುವುದಿಲ್ಲ. ‘ಕ್ವಿಂಟಲ್’ ನಮಗೆ ಮೂರಕ್ಷರ, ಆದರೆ ಒತ್ತು, ಗುಣಿತ, ಸೊನ್ನೆ, ವಿರಾಮ ಎಲ್ಲ ಬೇರೆ ಬೇರೆ ಎಣಿಕೆಯಾಗಿ ಯೂನಿಕೋಡ್‌ನಲ್ಲಿ ಎಂಟಾಗುತ್ತದೆ. ‘ಎನ್‌ಚಾರ್’ ಬಳಸಿ ಎಲ್ಲ ಲೇಬಲ್‌ಗಳ ಉದ್ದವನ್ನು ಮೊದಲೇ ಅಳೆದು ನೋಡಿ.

ನಿಮ್ಮ ಬಳಕೆಗೆ ‘ಸೇವ್ ಆರ್‌ಡಿಎಸ್’ ಬಳಸಿ ಉಳಿಸಿದರೆ ಎಲ್ಲ ಆಟ್ರಿಬ್ಯೂಟ್‌ಗಳೂ ಇದ್ದ ಹಾಗೆಯೇ ಮರಳಿ ಬರುತ್ತವೆ. ಹೇವನ್‌ನ ಮೂಲಕ ಸ್ಟೇಟಾ ಅಥವಾ ಎಸ್‌ಪಿಎಸ್‌ಎಸ್ ಕಡತವಾಗಿ ಬರೆದರೆ ವಿವರಣೆ ಮತ್ತು ಸಂಕೇತಗಳ ಅರ್ಥ ಉಳಿಯುತ್ತವೆ. ಸಿಎಸ್‌ವಿಯಲ್ಲಿ ಯಾವುದೂ ಉಳಿಯುವುದಿಲ್ಲ. ದತ್ತಾಂಶವನ್ನು ಸಿಎಸ್‌ವಿಯಾಗಿ ಕಳಿಸುವಾಗ ವಿವರಪಟ್ಟಿಯನ್ನೂ ಜೊತೆಗೇ ಕಳಿಸಿ. ಉಳಿಸಿದ ಕಡತವನ್ನು ಮತ್ತೊಮ್ಮೆ ತೆರೆದು ಮೂಲದೊಂದಿಗೆ ‘ಆಲ್ ಈಕ್ವಲ್’ ಮೂಲಕ ಹೋಲಿಸಿ. ಅದು ಮೌಲ್ಯಗಳ ಜೊತೆಗೆ ಆಟ್ರಿಬ್ಯೂಟ್‌ಗಳನ್ನೂ ಹೋಲಿಸಿ, ವ್ಯತ್ಯಾಸ ಯಾವ ಕಾಲಂನಲ್ಲಿದೆ ಎಂದು ಹೇಳುತ್ತದೆ.